1230 ಇದ್ದರೂ 1200 ದಾಟಿರಲಿಲ್ಲ: ಎಸ್‌ಎಟಿ, ಎಸಿಟಿ ಮತ್ತು ಬ್ಲೂಬುಕ್ ಬಗ್ಗೆ ಒಬ್ಬ ಅಮ್ಮನ ಅನುಭವ

ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಚೀಟಿ ಒಂದೂವರೆ ತಿಂಗಳು ಅಂಟಿಕೊಂಡಿತ್ತು. ಅದರಲ್ಲಿ ನಾಲ್ಕು ಸಂಖ್ಯೆ. ಮಾರ್ಚ್: ಓದು-ಬರಹ 560, ಗಣಿತ 620. ಮೇ: ಓದು-ಬರಹ 610, ಗಣಿತ 580. 2024ರಲ್ಲಿ ದೊಡ್ಡ ಮಗಳು ಬರೆದ ಎರಡು ಎಸ್‌ಎಟಿಗಳ ಅಂಕ ಅವು. ಎಸ್‌ಎಟಿ ಅಂದರೆ ಅಮೆರಿಕದಲ್ಲಿ ಕಾಲೇಜು ಸೇರೋಕೆ ಬರೆಯುವ ಪರೀಕ್ಷೆ. ಜಾಸ್ತಿ ಬಂದಿದ್ದ ಎರಡಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಕೆಳಗೆ 610 + 620 = 1230 ಅಂತ ಬರೆದಿತ್ತು. ಬರೆದವರು ಅವಳ ಕೋಚಿಂಗ್ ಸೆಂಟರಿನವರು. ರಾಜ್ಯದ ಸ್ಕಾಲರ್‌ಶಿಪ್‌ಗೆ ಬೇಕಾದದ್ದು 1200, ನಿಮಗೆ 1230 ಇದೆ, ಇನ್ನು ಪರೀಕ್ಷೆಯ ಚಿಂತೆ ಬಿಡಿ ಅಂದಿದ್ದರು. ನಾವು ನಂಬಿದೆವು. ಆ ಸಂಜೆ ಶಾವಿಗೆ ಪಾಯಸ ಮಾಡಿದ್ದೆ.

ಆ 1230 ನಮಗೆ ಉಪಯೋಗಕ್ಕೆ ಬರುವ ಅಂಕ ಆಗಿರಲಿಲ್ಲ. ಅದು ಗೊತ್ತಾದದ್ದು ಹೇಗೆ, ಆಮೇಲೆ ಏನು ಮಾಡಿದೆವು, ಯಾವುದಕ್ಕೆ ದುಡ್ಡು ಕೊಟ್ಟದ್ದು ಸರಿ, ಯಾವುದು ಪುಕ್ಕಟೆ ಸಿಕ್ಕರೂ ಅದಕ್ಕಿಂತ ಚೆನ್ನಾಗಿತ್ತು ಅನ್ನೋದನ್ನ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರು ಇದನ್ನು ಓದಲಿ ಅಂತ ನನ್ನ ಆಸೆ.

ನಾನು ಅರಸೀಕೆರೆ ಕಡೆಯವಳು. ಮದುವೆಗೆ ಮುಂಚೆ ತಿಪಟೂರಿನ ಒಂದು ಪ್ರೌಢಶಾಲೆಯಲ್ಲಿ ಎರಡು ವರ್ಷ ಗಣಿತ ಹೇಳಿಕೊಟ್ಟಿದ್ದೆ. ಈಗ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಕಮ್ಮಿಂಗ್‌ನಲ್ಲಿ ಮನೆ. ಒಂದು ಹಲ್ಲಿನ ಕ್ಲಿನಿಕ್‌ನ ಫ್ರಂಟ್ ಡೆಸ್ಕ್‌ನಲ್ಲಿ ಕೆಲಸ. ನಮ್ಮ ಕಾಲದಲ್ಲಿ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಎರಡೂ ಸೇರಿ ಒಂದು ರ‍್ಯಾಂಕ್. ಆ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ಹೋದರೆ ಸೀಟು, ಫೀಸು ಎಲ್ಲ ಅಲ್ಲೇ ತೀರ್ಮಾನ. ಇಲ್ಲೂ ಹಾಗೇ ಇರಬೇಕು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಅಂಕ ಒಂದೇ ಇರುತ್ತದೆ. ಅದನ್ನು ಕಾಲೇಜು ಒಂದು ರೀತಿ ಓದುತ್ತದೆ, ರಾಜ್ಯದ ಸ್ಕಾಲರ್‌ಶಿಪ್‌ನವರು ಇನ್ನೊಂದು ರೀತಿ ಓದುತ್ತಾರೆ, ಪಕ್ಕದ ರಾಜ್ಯದವರು ಮತ್ತೊಂದು ರೀತಿ.

ಜಾರ್ಜಿಯಾದಲ್ಲಿ ಎರಡು ಸ್ಕಾಲರ್‌ಶಿಪ್‌ಗಳ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಒಂದು ಹೋಪ್. 1993ರಲ್ಲಿ ಝೆಲ್ ಮಿಲ್ಲರ್ ಗವರ್ನರ್ ಆಗಿದ್ದಾಗ ಶುರುವಾಯಿತು. ದುಡ್ಡು ಬರುವುದು ರಾಜ್ಯದ ಲಾಟರಿಯಿಂದ. ಪೆಟ್ರೋಲ್ ಬಂಕ್‌ನಲ್ಲಿ ಜನ ಕೊಳ್ಳುವ ಲಾಟರಿ ಟಿಕೆಟ್‌ನ ಹಣದಲ್ಲಿ ಒಂದು ಪಾಲು ಮಕ್ಕಳ ಕಾಲೇಜು ಫೀಸಿಗೆ ಹೋಗುತ್ತದೆ. ಹೋಪ್‌ಗೆ 3.0 ಜಿಪಿಎ (ಹೈಸ್ಕೂಲ್ ಗ್ರೇಡುಗಳ ಸರಾಸರಿ) ಬೇಕು, ಎಸ್‌ಎಟಿ ಗಿಸ್ಎಟಿ ಏನೂ ಬೇಡ. ಇನ್ನೊಂದು ಝೆಲ್ ಮಿಲ್ಲರ್ ಸ್ಕಾಲರ್‌ಶಿಪ್, 2011ರಲ್ಲಿ ಬಂದದ್ದು. ಅದಕ್ಕೆ 3.7 ಜಿಪಿಎ ಬೇಕು, ಜೊತೆಗೆ ಎಸ್‌ಎಟಿಯಲ್ಲಿ 1200 ಅಥವಾ ಎಸಿಟಿ ಅನ್ನುವ ಅಂಥದ್ದೇ ಇನ್ನೊಂದು ಪರೀಕ್ಷೆಯಲ್ಲಿ 25 ಬೇಕು. ಆ ಅಂಕ ಒಂದೇ ಸಲ ಕೂತು ಬರೆದ ಪರೀಕ್ಷೆಯದ್ದೇ ಆಗಿರಬೇಕು.

ನಾವು ಎಡವಿದ್ದು ಇಲ್ಲೇ. ಎರಡು ಪರೀಕ್ಷೆಗಳಿಂದ ಒಳ್ಳೊಳ್ಳೆ ಭಾಗ ಆರಿಸಿ ಕೂಡುವುದಕ್ಕೆ ಸೂಪರ್‌ಸ್ಕೋರ್ ಅಂತಾರೆ. ಎಷ್ಟೋ ಕಾಲೇಜುಗಳು ಅಡ್ಮಿಷನ್‌ಗೆ ಅದನ್ನು ಒಪ್ಪುತ್ತವೆ. ಝೆಲ್ ಮಿಲ್ಲರ್ ಒಪ್ಪುವುದಿಲ್ಲ. ಮಾರ್ಚ್‌ನಲ್ಲಿ ಮಗಳದ್ದು 1180. ಮೇನಲ್ಲಿ 1190. ಎರಡೂ 1200ರ ಈಚೆಗೇ. 1230 ಅನ್ನುವ ಪರೀಕ್ಷೆಯನ್ನು ಅವಳು ಯಾವ ದಿನವೂ ಬರೆದೇ ಇರಲಿಲ್ಲ.

ಗೊತ್ತಾದದ್ದು ಎಸಿಟಿಯಿಂದ. ನಮ್ಮ ಯಜಮಾನರು, ಇದೂ ಒಂದು ಇರಲಿ ಅಂತ ಜೂನ್‌ನ ಎಸಿಟಿಗೆ ಮೊದಲೇ ಹೆಸರು ಬರೆಸಿದ್ದರು. ಇಂಗ್ಲಿಷ್ 26, ಗಣಿತ 22, ಓದು 27, ವಿಜ್ಞಾನ 21 ಬಂತು. ನಾಲ್ಕರ ಸರಾಸರಿ 24. ಈ 24 ಅಂದರೆ ಎಷ್ಟು ಅಂತ ನೋಡೋಣ ಅಂತ ಜಿಎ ಫ್ಯೂಚರ್ಸ್ ವೆಬ್‌ಸೈಟ್ ತೆರೆದೆ. ರಾಜ್ಯದ ಸ್ಕಾಲರ್‌ಶಿಪ್ ವಿಷಯವೆಲ್ಲ ಇರುವುದು ಅಲ್ಲೇ. ಒಂದೇ ಸಲದ ಪರೀಕ್ಷೆ ಅನ್ನುವ ಮಾತು ಅಲ್ಲಿ ಸ್ಪಷ್ಟವಾಗಿತ್ತು. ಮೂರು ಸಲ ಓದಿದೆ. ಆಮೇಲೆ ಫ್ರಿಜ್ ಮೇಲಿನ ಚೀಟಿ ತೆಗೆದು ಟೇಬಲ್ ಮೇಲಿಟ್ಟು ಮಗಳನ್ನ ಕರೆದೆ.

"ಅಮ್ಮ, ಅಂದ್ರೆ ಇನ್ನೂ ಹತ್ತು ಮಾರ್ಕ್ಸ್ ಬೇಕಾ?" ಅಂದಳು. ಹತ್ತೇ ಹತ್ತು. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

ಈಗ ಆ ಕೋಚಿಂಗ್ ಸೆಂಟರ್ ವಿಷಯ. ಹೆಸರು ಬೇಡ. ಇಂಡಿಯನ್ ಗ್ರೋಸರಿ ಅಂಗಡಿ ಇರುವ ಸಾಲಿನಲ್ಲೇ ಅದರ ಬೋರ್ಡು. ಹತ್ತು ಶನಿವಾರ, ಪ್ರತಿ ಶನಿವಾರ ಮೂರು ಗಂಟೆ, ಒಟ್ಟು 2,400 ಡಾಲರ್. ಪರಿಚಯದ ಒಬ್ಬರು "ಸೇರಿಸಿಬಿಡಿ ಅಕ್ಕ, ಎಲ್ಲರೂ ಅಲ್ಲಿಗೇ ಕಳಿಸೋದು" ಅಂದಿದ್ದರು, ಸೇರಿಸಿಬಿಟ್ಟೆ. ಅಲ್ಲಿನ ಗಣಿತದ ಮೇಷ್ಟ್ರು ಒಳ್ಳೆಯವರು, ತಾಳ್ಮೆ ಇತ್ತು. ಅವರಿಂದ ಮಗಳಿಗೆ ಭಿನ್ನರಾಶಿಯ ಭಯ ಹೋಯಿತು. ಅದನ್ನು ಮರೆಯಬಾರದು. ಆದರೆ ಓದು-ಬರಹಕ್ಕೆ ಕೊಟ್ಟದ್ದು ಹಳೇ ಕಾಗದದ ಪರೀಕ್ಷೆಯ ಜೆರಾಕ್ಸ್. ಒಂದೊಂದು ಉದ್ದದ ಪಾಠ, ಅದರ ಕೆಳಗೆ ಹತ್ತು ಪ್ರಶ್ನೆ. ಅಮೆರಿಕದಲ್ಲಿ ಎಸ್‌ಎಟಿ 2024ರ ಮಾರ್ಚ್‌ನಿಂದ ಪೂರ್ತಿ ಕಂಪ್ಯೂಟರಿನ ಮೇಲೆ. ಈಗ ಒಂದು ಚಿಕ್ಕ ಪ್ಯಾರಾ, ಅದಕ್ಕೆ ಒಂದೇ ಪ್ರಶ್ನೆ. ಬೇರೆ ಆಟದ ನಿಯಮ ಕಲಿಸಿ ಬೇರೆ ಮೈದಾನಕ್ಕೆ ಕಳಿಸಿದ ಹಾಗಾಯಿತು. ಕೊನೆಗೆ ಸ್ಕಾಲರ್‌ಶಿಪ್ ಬಗ್ಗೆ ತಪ್ಪು ಮಾಹಿತಿ ಬೇರೆ. ಫೋನ್ ಮಾಡಿ ಕೇಳಿದೆ. ಕಾಲೇಜುಗಳು ಸೂಪರ್‌ಸ್ಕೋರ್ ತಗೊಳ್ತವಲ್ಲ ಅಂದರು. ಕಾಲೇಜು ಬೇರೆ, ರಾಜ್ಯ ಬೇರೆ ಅಂತ ನಾನೇ ಹೇಳಬೇಕಾಯಿತು. ಅಷ್ಟು ದುಡ್ಡಿಗೆ ನಾನು ಐದರಲ್ಲಿ ಒಂದೂವರೆ ಕೊಡುತ್ತೇನೆ. ಆ ಒಂದೂವರೆ ಗಣಿತದ ಮೇಷ್ಟ್ರಿಗೆ.

ಅಲ್ಲಿಂದ ಮುಂದೆ ಏಳು ವಾರ ನಾವು ಪುಕ್ಕಟೆ ಸಿಗುವ ಎರಡೇ ಸಾಮಾನು ನಂಬಿಕೊಂಡೆವು. ಬ್ಲೂಬುಕ್ ಮತ್ತು ಖಾನ್ ಅಕಾಡೆಮಿ.

ಬ್ಲೂಬುಕ್ ಅಂದರೆ ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನವರದೇ ಆ್ಯಪ್. ನಿಜವಾದ ಎಸ್‌ಎಟಿ ಬರೆಯುವುದೂ ಅದರಲ್ಲೇ. ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಪೂರ್ತಿ ಉದ್ದದ ಮಾದರಿ ಪರೀಕ್ಷೆ ಬರೆಯಬಹುದು. ಓದು-ಬರಹ 54 ಪ್ರಶ್ನೆ, 64 ನಿಮಿಷ. ಗಣಿತ 44 ಪ್ರಶ್ನೆ, 70 ನಿಮಿಷ. ಒಟ್ಟು 2 ಗಂಟೆ 14 ನಿಮಿಷ, ನಡುವೆ ಚಿಕ್ಕ ಬಿಡುವು. ಪರೀಕ್ಷೆಯ ದಿನ ಕಾಣುವ ಪರದೆ, ಗಡಿಯಾರ, ಗುಂಡಿ ಎಲ್ಲ ಇದೇ. ಹಾಗಾಗಿ ಆ ದಿನ ಮಗುವಿಗೆ ಹೊಸದು ಅನ್ನುವುದು ಏನೂ ಇರುವುದಿಲ್ಲ. ಈ ಒಂದು ಲಾಭ ಯಾವ ಕೋಚಿಂಗ್ ಕೊಟ್ಟರೂ ಇಷ್ಟು ಚೆನ್ನಾಗಿ ಸಿಗಲ್ಲ.

ಜುಲೈ ಮೊದಲ ಭಾನುವಾರ ಬೆಳಗ್ಗೆ ಎಂಟಕ್ಕೆ ಅವಳನ್ನ ಊಟದ ಮೇಜಿಗೆ ಕೂರಿಸಿದೆ. ಚಿಕ್ಕವನಿಗೆ ಟಿವಿ ಹಾಕಬೇಡ ಅಂದೆ. ಕುಕ್ಕರ್ ಕೂಡ ಇಡಲಿಲ್ಲ, ಸೀಟಿ ಸದ್ದು ಬೇಡ ಅಂತ. 1170 ಬಂತು. ಅಂಕಕ್ಕಿಂತ ಮುಖ್ಯ ಅದರ ಕೆಳಗಿನ ವಿವರ. ಯಾವ ಪ್ರಶ್ನೆ ತಪ್ಪಾಯಿತು, ಅದು ಯಾವ ಬಗೆಯದು ಅಂತ ಒಂದೊಂದಾಗಿ ತೋರಿಸುತ್ತದೆ. ಅದನ್ನು ನಾನು ನನ್ನ ಹಳೇ ಟೀಚರ್ ಅಭ್ಯಾಸದಂತೆ ಒಂದು ನೋಟ್‌ಬುಕ್‌ಗೆ ಇಳಿಸಿದೆ. ಓದು-ಬರಹದಲ್ಲಿ 19 ತಪ್ಪು. ಅದರಲ್ಲಿ 8 ತಪ್ಪು ಬರೀ ಕಾಮಾ, ಸೆಮಿಕೋಲನ್, ಪೂರ್ಣವಿರಾಮದ್ದು. ಹತ್ತು ಶನಿವಾರ ಹೋಗಿ ಬಂದರೂ ಇದನ್ನು ಯಾರೂ ಹೇಳಿರಲಿಲ್ಲ.

ಗಣಿತದಲ್ಲಿ ಇನ್ನೊಂದು ವಿಷಯ ಕಂಡಿತು. ಡಿಜಿಟಲ್ ಎಸ್‌ಎಟಿಯಲ್ಲಿ ಪ್ರತಿ ವಿಷಯಕ್ಕೂ ಎರಡು ಮಾಡ್ಯೂಲ್, ಅಂದರೆ ಎರಡು ಭಾಗ. ಮೊದಲನೆಯದರಲ್ಲಿ ಹೇಗೆ ಮಾಡುತ್ತೀರಿ ಅನ್ನೋದನ್ನ ನೋಡಿ ಎರಡನೆಯದು ಕಷ್ಟದ್ದೋ ಸುಲಭದ್ದೋ ಅಂತ ಕಂಪ್ಯೂಟರ್ ಕೊಡುತ್ತದೆ. ಸುಲಭದ್ದು ಬಂದರೆ ಎಲ್ಲ ಸರಿ ಮಾಡಿದರೂ ಅಂಕ ಒಂದು ಮಟ್ಟಕ್ಕಿಂತ ಮೇಲೆ ಹೋಗಲ್ಲ. ಮಗಳು ಮೊದಲ ಮಾಡ್ಯೂಲ್‌ನಲ್ಲಿ ಗಡಿಬಿಡಿ ಮಾಡಿ, ಬರುವ ಲೆಕ್ಕಗಳನ್ನೇ ತಪ್ಪು ಮಾಡುತ್ತಿದ್ದಳು. ಎರಡನೆಯದು ಸುಲಭವಾಗಿತ್ತು ಅಂತ ಖುಷಿಯಿಂದ ಹೊರಗೆ ಬರುತ್ತಿದ್ದಳು. ಅದು ಖುಷಿಪಡುವ ವಿಷಯ ಅಲ್ಲ ಅಂತ ನಮಗೆ ಆವತ್ತೇ ತಿಳಿದದ್ದು. ಮೊದಲ ಮಾಡ್ಯೂಲ್ ನಿಧಾನ, ಪ್ರತಿ ಉತ್ತರ ಮತ್ತೆ ನೋಡು ಅಂತ ಹೇಳಿದೆ. ಆ ಒಂದು ಬದಲಾವಣೆಯಿಂದ ಎರಡನೇ ಮಾದರಿ ಪರೀಕ್ಷೆಯಲ್ಲೇ ಗಣಿತ 600 ದಾಟಿತು.

ಬ್ಲೂಬುಕ್ ಒಳಗೇ ಡೆಸ್ಮಾಸ್ ಅನ್ನುವ ಗ್ರಾಫ್ ಕ್ಯಾಲ್ಕ್ಯುಲೇಟರ್ ಇದೆ. ಗಣಿತದ ಎಲ್ಲ ಪ್ರಶ್ನೆಗೂ ಬಳಸಬಹುದು. ಇದು ನನಗೆ ಮೊದಲು ಸರಿ ಕಾಣಲಿಲ್ಲ. ಎರಡು ಸಮೀಕರಣ ಕೊಟ್ಟರೆ ನಾವು ವರ್ಜಿಸುವ ವಿಧಾನದಲ್ಲಿ ಬಿಡಿಸುತ್ತಿದ್ದೆವು ಅಲ್ವಾ? ವೈ ಬೆಲೆ ಒಂದರಲ್ಲಿ 3ಎಕ್ಸ್ - 7, ಇನ್ನೊಂದರಲ್ಲಿ 5 - ಎಕ್ಸ್ ಅಂತ ಇಟ್ಟುಕೊಳ್ಳಿ. ಮಗಳು ಎರಡನ್ನೂ ಹಾಗೇ ಟೈಪ್ ಮಾಡಿದಳು. ಎರಡು ಗೆರೆ ಬಂತು, ಸೇರುವ ಕಡೆ ಬೆರಳಿಟ್ಟಳು, 3 ಮತ್ತು 2 ಅಂತ ಉತ್ತರ. ಹತ್ತು ಸೆಕೆಂಡ್. ನಾನು ಪೆನ್ನಿನಲ್ಲಿ ಮಾಡಿ ತಾಳೆ ನೋಡಿದೆ, ಸರಿ ಇತ್ತು. ಕಾಗದದಲ್ಲಿ ಬಿಡಿಸಲು ಬಂದರೆ ಮಾತ್ರ ಇದು ಒಳ್ಳೆಯದು ಅಂತ ಈಗಲೂ ನನ್ನ ಅಭಿಪ್ರಾಯ. ಆದರೆ 70 ನಿಮಿಷದಲ್ಲಿ 44 ಲೆಕ್ಕ ಮಾಡುವ ಮಗುವಿಗೆ ಡೆಸ್ಮಾಸ್ ಕಲಿಸದೆ ಕಳಿಸುವುದು ಅನ್ಯಾಯ.

ಬ್ಲೂಬುಕ್‌ನ ಒಂದು ಕೊರತೆ ಹೇಳಬೇಕು. ಪೂರ್ತಿ ಮಾದರಿ ಪರೀಕ್ಷೆಗಳು ಎಣಿಸಿದಷ್ಟೇ ಇವೆ. ಆಸೆಪಟ್ಟು ದಿನಕ್ಕೊಂದು ಬರೆದರೆ ಒಂದೇ ವಾರದಲ್ಲಿ ಖಾಲಿ. ನಾವು ಎರಡು ವಾರಕ್ಕೊಂದು ಅಂತ ಉಳಿಸಿ ಉಳಿಸಿ ಬಳಸಿದೆವು. ಐದರಲ್ಲಿ ನಾಲ್ಕೂವರೆ. ಇನ್ನೊಂದು ಮಾತು, ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೆ ಪರೀಕ್ಷೆಯ ದಿನಕ್ಕೆ ಕಾಲೇಜ್ ಬೋರ್ಡ್‌ನವರೇ ಸಾಲವಾಗಿ ಕೊಡುತ್ತಾರೆ, 30 ದಿನ ಮುಂಚೆ ಕೇಳಬೇಕು. ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ಪರೀಕ್ಷೆಯ ಶುಲ್ಕವೂ ಮಾಫಿ ಇದೆ, ಶಾಲೆಯ ಕೌನ್ಸೆಲರ್ ಹತ್ತಿರ ಕೇಳಿದರೆ ಆಯ್ತು. ಕೇಳೋಕೆ ನಾಚಿಕೆ ಪಟ್ಟುಕೊಂಡು ಬಿಟ್ಟವರನ್ನ ನಾನು ನೋಡಿದ್ದೇನೆ. ದಯವಿಟ್ಟು ಕೇಳಿ.

ಖಾನ್ ಅಕಾಡೆಮಿ ಅನ್ನುವ ಪಾಠದ ವೆಬ್‌ಸೈಟ್ ಬ್ಲೂಬುಕ್‌ನ ಜೊತೆಗಾರ. 2015ರಿಂದ ಕಾಲೇಜ್ ಬೋರ್ಡ್ ಜೊತೆ ಸೇರಿ ಎಸ್‌ಎಟಿ ತಯಾರಿ ಪುಕ್ಕಟೆ ಕೊಡುತ್ತಿದೆ. ಬ್ಲೂಬುಕ್ ತೋರಿಸಿದ ತಪ್ಪಿನ ಬಗೆಯನ್ನು ಇಲ್ಲಿ ಹುಡುಕಿ, ಅದನ್ನಷ್ಟೇ ಮಾಡಬಹುದು. ಪ್ರತಿ ಪಾಠಕ್ಕೂ ಬುನಾದಿ, ಮಧ್ಯಮ, ಕಠಿಣ ಅಂತ ಮೂರು ಹಂತ. ಮಗಳು ವಿರಾಮ ಚಿಹ್ನೆಯನ್ನ ಬುನಾದಿಯಿಂದಲೇ ಶುರು ಮಾಡಿದಳು. ದಿನಕ್ಕೆ 40 ನಿಮಿಷ, ಭಾನುವಾರ ರಜ. ಶೇಕಡಾವಾರು ಲೆಕ್ಕದ ಹೊತ್ತಿಗೆ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಬೆಲೆ ಶೇಕಡಾ 20 ಏರಿ ಮತ್ತೆ ಶೇಕಡಾ 20 ಇಳಿದರೆ ಮೊದಲಿನ ಬೆಲೆಗೇ ಬರುತ್ತೆ ಅಂದಳು. ನೂರು ರೂಪಾಯಿ ಸೀರೆಗೆ ಲೆಕ್ಕ ಹಾಕು ಅಂದೆ. 120, ಆಮೇಲೆ 96. "ಓ ಅಮ್ಮ!" ಅಂದಳು. ತಿಪಟೂರಿನ ಕ್ಲಾಸಿನಲ್ಲಿ ಹುಡುಗಿಯರು ಹೀಗೇ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಆದಮೇಲೆ ಆ ದನಿ ಮತ್ತೆ ಕೇಳಿ ನನಗೆ ಎಷ್ಟು ಸಂತೋಷ ಆಯಿತು ಅಂತ ಹೇಳಲಾರೆ.

ಖಾನ್ ಒಂದೇ ಸಾಕಾಗುವುದಿಲ್ಲ. ಅಲ್ಲಿ ಬಿಡಿ ಬಿಡಿಯಾಗಿ ಮಾಡುವಾಗ ಎಲ್ಲ ಬರುತ್ತದೆ, ಗಡಿಯಾರ ಓಡುವಾಗ ಬರಲ್ಲ. ತನ್ನಷ್ಟಕ್ಕೆ ಕೂತು ಮಾಡುವ ಮಗು ಆಗಿರಬೇಕು, ಇಲ್ಲ ದೊಡ್ಡವರು ಯಾರಾದರೂ ಜೊತೆ ಕೂರಬೇಕು. ಐದರಲ್ಲಿ ನಾಲ್ಕು.

ಇನ್ನು ಎಸ್‌ಎಟಿಯೋ ಎಸಿಟಿಯೋ ಅನ್ನುವ ದೊಡ್ಡ ಪ್ರಶ್ನೆ. ಕಾಲೇಜ್ ಬೋರ್ಡ್ ಮತ್ತು ಎಸಿಟಿಯವರು 2018ರಲ್ಲಿ ಸೇರಿ ಒಂದು ಹೋಲಿಕೆ ಪಟ್ಟಿ ಮಾಡಿದ್ದಾರೆ. ಎರಡೂ ಪರೀಕ್ಷೆ ಬರೆದ ಮಕ್ಕಳ ಅಂಕಗಳನ್ನ ಅಕ್ಕಪಕ್ಕ ಇಟ್ಟು ಮಾಡಿದ್ದು. ಎಸಿಟಿ 1ರಿಂದ 36, ಎಸ್‌ಎಟಿ 400ರಿಂದ 1600. ಹಾಗಾಗಿ ಎಸಿಟಿಯ ಒಂದು ಅಂಕಕ್ಕೆ ಎಸ್‌ಎಟಿಯ ಹತ್ತು ಹತ್ತು ಅಂಕದ ಮೂರು ನಾಲ್ಕು ಮೆಟ್ಟಿಲು ಸೇರುತ್ತವೆ. 24 ಅಂದರೆ 1160ರಿಂದ 1190. 25 ಅಂದರೆ 1200ರಿಂದ 1220. 27 ಅಂದರೆ 1260ರಿಂದ 1290. 30ಕ್ಕೆ 1360ರಿಂದ 1380. 34ಕ್ಕೆ 1490ರಿಂದ 1520.

ಮಗಳ ಅಂಕ ನೋಡಿ. ಎಸ್‌ಎಟಿ 1180, 1190. ಎಸಿಟಿ 24. ಮೂರೂ ಒಂದೇ ಸಾಲಿನಲ್ಲಿ ಕೂತಿವೆ. ಮೂರು ಬೇರೆ ಬೇರೆ ದಿನ, ಎರಡು ಬೇರೆ ಬೇರೆ ಪರೀಕ್ಷೆ, ಹೇಳಿದ್ದು ಒಂದೇ ಮಾತು. ಅವಳಿಗೆ ಎಸಿಟಿ ಸುಲಭ, ಎಸ್‌ಎಟಿ ಕಷ್ಟ ಅಂತ ಯಾರಾದರೂ ಹೇಳಿದ್ದರೆ ಅದು ಸುಮ್ನೆ ಮಾತು ಆಗಿರುತ್ತಿತ್ತು. ಈ ಪಟ್ಟಿಯನ್ನ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ನೋಡಿ. ಒಂದು ಮಾದರಿ ಎಸ್‌ಎಟಿ ಬ್ಲೂಬುಕ್‌ನಲ್ಲಿ, ಒಂದು ಮಾದರಿ ಎಸಿಟಿ ಅವರ ವೆಬ್‌ಸೈಟಿನ ಪುಕ್ಕಟೆ ಪರೀಕ್ಷೆಯಿಂದ ಮನೆಯಲ್ಲೇ ಬರೆಸಿ. ನಾವು ಲೈಬ್ರರಿಯಲ್ಲಿ ಪ್ರಿಂಟ್ ತೆಗೆದೆವು. ಎರಡೂ ಒಂದೇ ಸಾಲಿಗೆ ಬಂದರೆ ಮಗುವಿಗೆ ಇಷ್ಟ ಆದದ್ದು ಹಿಡಿಯಿರಿ. ಎರಡು ಮೂರು ಸಾಲು ವ್ಯತ್ಯಾಸ ಬಂದರೆ ಮೇಲಿನದನ್ನ ಹಿಡಿಯಿರಿ.

ಆಗಿನ ಎಸಿಟಿ ಉದ್ದ. 215 ಪ್ರಶ್ನೆ, 2 ಗಂಟೆ 55 ನಿಮಿಷ. ವಿಜ್ಞಾನ ಅನ್ನುವ ಭಾಗದಲ್ಲಿ 35 ನಿಮಿಷಕ್ಕೆ 40 ಪ್ರಶ್ನೆ, ಎಲ್ಲ ಕೋಷ್ಟಕ, ಗ್ರಾಫ್. ಮಗಳು ಕೊನೆಯ ಒಂಬತ್ತನ್ನ ಓದದೇ ಗುರುತು ಹಾಕಿ ಬಂದಳು. 2025ರಿಂದ ಎಸಿಟಿ ಬದಲಾಗಿದೆ. ಇಂಗ್ಲಿಷ್, ಗಣಿತ, ಓದು, ಈ ಮೂರೇ ಮುಖ್ಯ. 131 ಪ್ರಶ್ನೆ, 125 ನಿಮಿಷ. ವಿಜ್ಞಾನ ಬೇಕಿದ್ದರೆ ಬರೆಯಬಹುದು, ಸರಾಸರಿಗೆ ಸೇರುವುದಿಲ್ಲ. ನಾನು ಇದನ್ನ ಓದಿದ ದಿನ ಮಗಳ ಹಳೇ ಅಂಕ ತೆಗೆದು ಮತ್ತೆ ಕೂಡಿದೆ. 26, 22, 27. ಕೂಡಿದರೆ 75. ಮೂರರಿಂದ ಭಾಗಿಸಿದರೆ 25. ಝೆಲ್ ಮಿಲ್ಲರ್‌ಗೆ ಬೇಕಾದದ್ದು ಅದೇ 25! ಪರೀಕ್ಷೆಯ ರೂಪವೇ ಬೇರೆ ಆಗಿರುವುದರಿಂದ ಇದನ್ನ ತಾಳೆ ಹಾಕೋದು ಪೂರ್ತಿ ಸರಿಯಲ್ಲ ಅಂತ ಗೊತ್ತು. ಆದರೆ ವಿಜ್ಞಾನದ ಭಾಗದಿಂದ ಸರಾಸರಿ ಕೆಳಗೆ ಬೀಳುತ್ತಿದ್ದ ಮಕ್ಕಳಿಗೆ ಈಗ ಎಸಿಟಿ ಇನ್ನೊಂದು ಸಲ ನೋಡುವಂಥದ್ದು.

ಆಗಸ್ಟ್ 24ಕ್ಕೆ ಮೂರನೇ ಎಸ್‌ಎಟಿ. ಆಗ ಶುಲ್ಕ 68 ಡಾಲರ್ ಇತ್ತು. ಜಾರ್ಜಿಯಾದಲ್ಲಿ ಆಗಸ್ಟ್ ಮೊದಲ ವಾರವೇ ಶಾಲೆ ಶುರುವಾಗುತ್ತದೆ, ಅದರ ಗಲಾಟೆ ಬೇರೆ. ಬೆಳಗ್ಗೆ ಅವಲಕ್ಕಿ ಉಪ್ಪಿಟ್ಟು ತಿಂದು ಹೋದಳು. ಹೊರಗೆ ಬಂದವಳು ಕಾರ್ ಹತ್ತುವಾಗ ಹೇಳಿದ್ದು ಒಂದೇ ಮಾತು: "ಅಮ್ಮ, ಗಣಿತ ಎರಡನೇ ಮಾಡ್ಯೂಲ್ ತುಂಬಾ ಕಷ್ಟ ಇತ್ತು." ನನಗೆ ಅದನ್ನ ಕೇಳಿ ಧೈರ್ಯ ಬಂತು. ಸೆಪ್ಟೆಂಬರ್‌ನಲ್ಲಿ ಫಲಿತಾಂಶ. ಓದು-ಬರಹ 620, ಗಣಿತ 640. ಒಟ್ಟು 1260. ಒಂದೇ ದಿನ, ಒಂದೇ ಸಲ ಕೂತು ಬರೆದದ್ದು.

ಅಂಕ ಬಂದರೆ ಮುಗಿಯಿತು ಅಂತಲ್ಲ. ಜಿಪಿಎ ಕಡೆಗೂ ಕಣ್ಣಿಡಬೇಕು. ಮಗಳ ಶಾಲೆಯ ಪತ್ರದಲ್ಲಿ 4.1 ಇತ್ತು. ಹೋಪ್ ಲೆಕ್ಕದಲ್ಲಿ ಅದು 3.74. ಯಾಕೆ ಅಂದರೆ ಅವರು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ವಿದೇಶಿ ಭಾಷೆ ಇಷ್ಟನ್ನೇ ತಗೊಳ್ಳುತ್ತಾರೆ. ಶಾಲೆಯವರು ಆನರ್ಸ್ (ಹೆಚ್ಚು ಕಷ್ಟದ) ಕ್ಲಾಸಿಗೆ ಸೇರಿಸಿದ ಹೆಚ್ಚಿನ ಅಂಕ ತೆಗೆದುಹಾಕುತ್ತಾರೆ. ಆರ್ಕೆಸ್ಟ್ರಾದಲ್ಲಿ ಬಂದ ಎ ಲೆಕ್ಕಕ್ಕಿಲ್ಲ. 3.7ಕ್ಕೆ ನಾವು ಎಷ್ಟು ಹತ್ತಿರ ಇದ್ದೆವು ನೋಡಿ. ಜಿಎ ಫ್ಯೂಚರ್ಸ್‌ನಲ್ಲಿ ಮಗುವಿನ ಖಾತೆ ತೆರೆದರೆ ಈ ಹೋಪ್ ಜಿಪಿಎ ಕಾಣುತ್ತದೆ. ಒಂಬತ್ತನೇ ಕ್ಲಾಸಿನಿಂದಲೇ ನೋಡುತ್ತಾ ಬನ್ನಿ. ವೆಬ್‌ಸೈಟ್ ನೋಡೋಕೆ ಅಷ್ಟು ಚೆನ್ನಾಗಿಲ್ಲ, ಹುಡುಕಬೇಕು. ಆದರೆ ಬೇಕಾದ ಮಾತು ಅದರಲ್ಲಿ ನೇರವಾಗಿದೆ. ನನ್ನ ಮಟ್ಟಿಗೆ ಇದಕ್ಕೆ ಐದಕ್ಕೆ ಐದು.

ಇಲ್ಲಿಂದ ಕೆಲವು ಗಂಟೆ ಕಾರಿನಲ್ಲಿ ಹೋದರೆ ಬೇರೆ ರಾಜ್ಯ, ಬೇರೆ ಕಟ್ಟಳೆ. ಟೆನೆಸ್ಸಿಯ ಹೋಪ್‌ಗೆ 3.0 ಜಿಪಿಎ *ಅಥವಾ* ಎಸಿಟಿ 21, ಎಸ್‌ಎಟಿ ಆದರೆ 1060. ಎರಡರಲ್ಲಿ ಒಂದಿದ್ದರೆ ಸಾಕು. ಸೌತ್ ಕೆರೊಲೈನಾದ ಲೈಫ್ ಸ್ಕಾಲರ್‌ಶಿಪ್‌ಗೆ ಮೂರರಲ್ಲಿ ಎರಡು ಇರಬೇಕು: 3.0 ಜಿಪಿಎ, ಕ್ಲಾಸಿನ ಮೊದಲ ಶೇಕಡಾ 30ರೊಳಗೆ ಸ್ಥಾನ, ಎಸ್‌ಎಟಿ 1100 ಅಥವಾ ಎಸಿಟಿ 22. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನಲ್ಲಿ ಮೆಡಾಲಿಯನ್ ಅನ್ನುವ ಹಂತಕ್ಕೆ ಎಸ್‌ಎಟಿ 1210 ಅಥವಾ ಎಸಿಟಿ 25, ಜೊತೆಗೆ 3.0 ಜಿಪಿಎ, 75 ಗಂಟೆ ಸೇವೆ ಅಥವಾ 100 ಗಂಟೆ ಸಂಬಳದ ಕೆಲಸ. ಅಲ್ಲಿ ಸೂಪರ್‌ಸ್ಕೋರ್ ನಡೆಯುತ್ತದೆ. ನನ್ನ ನಾದಿನಿ ಇರುವುದು ಟ್ಯಾಂಪಾದಲ್ಲಿ. ನಾವು ಅವಳ ಊರಿನಲ್ಲಿ ಇದ್ದಿದ್ದರೆ ಫ್ರಿಜ್ ಮೇಲಿನ ಆ ಚೀಟಿಯ ಅಂಕ ಸಾಕಾಗುತ್ತಿತ್ತು. ಅದೇ ಹುಡುಗಿ, ಅದೇ 1230.

'ಮತ್ತು', 'ಅಥವಾ', 'ಮೂರರಲ್ಲಿ ಎರಡು'. ಗಣಿತದಲ್ಲಿ ಈ ಪದಗಳ ಬೆಲೆ ನಾನೇ ಮಕ್ಕಳಿಗೆ ಹೇಳಿಕೊಟ್ಟವಳು. ನಿಮ್ಮ ರಾಜ್ಯದ ವಾಕ್ಯದಲ್ಲಿ ಯಾವ ಪದ ಇದೆ ಅಂತ ನೀವೇ ಕಣ್ಣಾರೆ ಓದಿ. ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸುತ್ತಾ ಯಾರೋ ಹೇಳಿದ್ದನ್ನ ನಂಬಬೇಡಿ. ಹೇಳಿದವರಿಗೆ ಕೆಟ್ಟ ಮನಸ್ಸು ಇರಲ್ಲ. ಅವರ ಮಗು ಬರೆದದ್ದು ಬೇರೆ ವರ್ಷ, ಕೆಲವು ಸಲ ಬೇರೆ ರಾಜ್ಯ.

ಒಂದು ವಿಷಯ ಹೇಳಲೇಬೇಕು, ಹೇಳೋಕೆ ಮನಸ್ಸಿಗೆ ಕಷ್ಟ. ಹೋಪ್ ಮತ್ತು ಝೆಲ್ ಮಿಲ್ಲರ್ ಎರಡೂ ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ. ಎಚ್-4 ವೀಸಾದಲ್ಲಿರುವ ಮಕ್ಕಳಿಗೆ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಮಕ್ಕಳಿಗೆ, ಇಲ್ಲ. ನಮ್ಮ ರಸ್ತೆಯಲ್ಲೇ ಮೈಸೂರಿನವರ ಮನೆ ಇದೆ. ಅವರ ಹುಡುಗ ಎರಡನೇ ಕ್ಲಾಸಿನಿಂದ ಇಲ್ಲೇ ಓದಿದವನು, ಎಸ್‌ಎಟಿ 1450. ನನ್ನ ಮಗಳಿಗೆ ಸಿಕ್ಕದ್ದು ಅವನಿಗೆ ಸಿಗಲಿಲ್ಲ. ಅವನ ಅಮ್ಮ ಅದನ್ನ ಹೇಳುವಾಗ ನನಗೆ ಏನು ಮಾತಾಡಬೇಕು ಅಂತಲೇ ತಿಳಿಯಲಿಲ್ಲ. ಇಂಥ ಮಕ್ಕಳು ಕಾಲೇಜುಗಳೇ ತಮ್ಮ ದುಡ್ಡಿನಿಂದ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಕಡೆ ನೋಡಬೇಕು. ಅಲಬಾಮಾ ವಿಶ್ವವಿದ್ಯಾಲಯದಂಥವು ಇಷ್ಟು ಜಿಪಿಎ, ಇಷ್ಟು ಅಂಕಕ್ಕೆ ಇಷ್ಟು ದುಡ್ಡು ಅಂತ ವೆಬ್‌ಸೈಟಿನಲ್ಲಿ ಪಟ್ಟಿಯನ್ನೇ ಹಾಕುತ್ತವೆ. ಅಂಥ ಕಡೆ ಎಸ್‌ಎಟಿಯ ಇಪ್ಪತ್ತು ಮೂವತ್ತು ಅಂಕಕ್ಕೆ ಸಾವಿರಾರು ಡಾಲರ್ ಬೆಲೆ ಇರಬಹುದು. ವೀಸಾದ ಷರತ್ತು ಏನು ಅಂತ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಪಿಎಸ್‌ಎಟಿ (ಎಸ್‌ಎಟಿಗೆ ಮುಂಚೆ ಬರೆಯುವ ಅಭ್ಯಾಸದ ಪರೀಕ್ಷೆ) ಮತ್ತು ಅದರ ಅಂಕ ನೋಡಿ ಕೊಡುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಬಗ್ಗೆ ನನ್ನ ಅನುಭವ ಕಡಿಮೆ. ಮಗಳಿಗೆ ಪಿಎಸ್‌ಎಟಿಯಲ್ಲಿ ಓದು-ಬರಹ, ಗಣಿತ ಎರಡಕ್ಕೂ 560 ಬಂದಿತ್ತು. ಅವರ ಲೆಕ್ಕದಲ್ಲಿ ಓದು-ಬರಹವನ್ನ ಎರಡು ಸಲ, ಗಣಿತವನ್ನ ಒಂದು ಸಲ ಕೂಡಿ ಹತ್ತರಿಂದ ಭಾಗಿಸುತ್ತಾರೆ. ಅವಳದ್ದು 168. ಪೂರ್ತಿ ಅಂಕ 228. ಗೆಲ್ಲುವವರು ಇರುವುದು ಆ ತುದಿಯಲ್ಲಿ, ಅದೂ ರಾಜ್ಯಕ್ಕೊಂದು ಗೆರೆ. ನಮ್ಮ ಮನೆಗಳಲ್ಲಿ ಗಣಿತಕ್ಕೇ ಜಾಸ್ತಿ ಒತ್ತು ಕೊಡುತ್ತೇವೆ ಅಲ್ವಾ? ಇಲ್ಲಿ ಇಂಗ್ಲಿಷಿಗೆ ಎರಡರಷ್ಟು ತೂಕ. ಮಗು ಆ ಮಟ್ಟದಲ್ಲಿದ್ದರೆ ಇದು ನೆನಪಿರಲಿ.

ಇಷ್ಟೆಲ್ಲ ಒದ್ದಾಡಿದ್ದಕ್ಕೆ ಫಲ ಎಷ್ಟು ಅಂತ ನಮ್ಮ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. 2023ರಿಂದ ಜಾರ್ಜಿಯಾದ ಸರ್ಕಾರಿ ಕಾಲೇಜುಗಳಲ್ಲಿ ಹೋಪ್ ಕೂಡ ಟ್ಯೂಷನ್ ಫೀಸ್, ಅಂದರೆ ಕಾಲೇಜಿನ ಬೋಧನಾ ಶುಲ್ಕ, ಪೂರ್ತಿ ಕೊಡುತ್ತಿದೆ. ಅದಕ್ಕೆ ಮುಂಚೆ, 2011ರಿಂದ, ಹೋಪ್ ಒಂದು ಭಾಗ ಮಾತ್ರ ಕೊಡುತ್ತಿತ್ತು, ಝೆಲ್ ಮಿಲ್ಲರ್ ಪೂರ್ತಿ ಕೊಡುತ್ತಿತ್ತು. ಮಗಳು ಈಗ ಕೆನೆಸಾ ಸ್ಟೇಟ್‌ನಲ್ಲಿದ್ದಾಳೆ, ಸರ್ಕಾರಿ ಕಾಲೇಜು. ಅಂದರೆ 1260 ಬರದಿದ್ದರೂ ಈ ವರ್ಷ ಅವಳ ಟ್ಯೂಷನ್ ಹೋಪ್‌ನಿಂದ ಬರುತ್ತಿತ್ತು. ಇದನ್ನ ಮುಚ್ಚಿಟ್ಟು ಬರೆದರೆ ನಾನೂ ಆ ಕೋಚಿಂಗ್‌ನವರ ಹಾಗೇ ಆಗುತ್ತೇನೆ.

ಆದರೂ ನನಗೆ ಅದು ವ್ಯರ್ಥ ಅನ್ನಿಸಿಲ್ಲ. ಖಾಸಗಿ ಕಾಲೇಜಿಗೆ ಹೋಗಿದ್ದರೆ ಝೆಲ್ ಮಿಲ್ಲರ್ ಮೊತ್ತ ಜಾಸ್ತಿ ಇರುತ್ತಿತ್ತು. ಹೋಪ್ ಎಷ್ಟು ಕೊಡಬೇಕು ಅನ್ನೋದು ರಾಜ್ಯದ ಬಜೆಟ್ ಮೇಲೆ ನಿಂತಿದೆ, ಒಂದು ಸಲ ಇಳಿದದ್ದು ಇನ್ನೊಂದು ಸಲ ಇಳಿಯಬಹುದು. ಯೂನಿವರ್ಸಿಟಿ ಆಫ್ ಜಾರ್ಜಿಯಾ, ಜಾರ್ಜಿಯಾ ಟೆಕ್‌ಗೆ ಅರ್ಜಿ ಹಾಕೋಕೆ ಹೇಗೂ ಅಂಕ ಬೇಕೇ ಬೇಕು. ಮತ್ತೆ ಝೆಲ್ ಉಳಿಸಿಕೊಳ್ಳೋಕೆ ಕಾಲೇಜಿನಲ್ಲಿ 3.3 ಇರಬೇಕು. ಅದು ಜಾರಿದರೂ 3.0 ಇದ್ದರೆ ಹೋಪ್ ಇರುತ್ತದೆ. ಮೇಲೊಂದು ಮೆಟ್ಟಿಲು, ಕೆಳಗೊಂದು ಮೆಟ್ಟಿಲು. ಎರಡೂ ಟ್ಯೂಷನ್‌ಗೆ ಮಾತ್ರ. ಹಾಸ್ಟೆಲ್, ಊಟ, ಪುಸ್ತಕ, ಬೇರೆ ಶುಲ್ಕಗಳನ್ನ ನಾವೇ ಕಟ್ಟುತ್ತಿದ್ದೇವೆ. ಕೋಚಿಂಗ್‌ಗೆ ಕೊಟ್ಟ ಆ 2,400 ಡಾಲರ್ ಇದ್ದಿದ್ದರೆ ಅವಳ ಊಟದ ಖರ್ಚಿಗೆ ಆಗುತ್ತಿತ್ತು. ಆ ನೋವು ಹಾಗೇ ಇದೆ.

ಈಗ ಚಿಕ್ಕವನ ಸರದಿ, ಹತ್ತನೇ ಕ್ಲಾಸ್. ಹೋದ ಭಾನುವಾರ ಅದೇ ಊಟದ ಮೇಜಿನ ಮೇಲೆ ಬ್ಲೂಬುಕ್ ಮಾದರಿ ಪರೀಕ್ಷೆ ಬರೆದ. 1110. ಮುಂದಿನ ತಿಂಗಳು ಹೊಸ ಎಸಿಟಿಯ ಮಾದರಿ ಒಂದು ಬರೆಸಿ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಅಕ್ಕ ಕೆನೆಸಾದಿಂದ ವಿಡಿಯೊ ಕಾಲ್ ಮಾಡಿ ಅವನಿಗೆ ಡೆಸ್ಮಾಸ್ ಹೇಳಿಕೊಡುತ್ತಿದ್ದಾಳೆ. ಫ್ರಿಜ್ ಮೇಲೆ ಈಗ ಬೇರೆ ಚೀಟಿ ಇದೆ. ಅವಳ ಕೈಬರಹ: "ಒಂದೇ ದಿನದಲ್ಲಿ 1200. ಮೊದಲ ಮಾಡ್ಯೂಲ್ ನಿಧಾನ."